ಎರಡು ತೊಟ್ಟಿಲುಗಳ ಸಿದ್ಧತೆ: ಹೊರೆ ಯಾರದು, ಹೊಣೆ ಯಾರದು?

ಗರ್ಭದಲ್ಲಿರುವುದು ಒಂದಲ್ಲ, ಎರಡು ಜೀವಗಳು ಎಂದು ವೈದ್ಯರು ತಿಳಿಸಿದ ಕ್ಷಣದಿಂದಲೇ ಮನೆಯಲ್ಲಿ ಕೃತಜ್ಞತೆ ಮತ್ತು ಲೆಕ್ಕಾಚಾರ ಎರಡೂ ಒಟ್ಟಿಗೆ ಆರಂಭವಾಗುತ್ತವೆ. ಎರಡು ತೊಟ್ಟಿಲು, ಇಮ್ಮಡಿ ಬಟ್ಟೆಬರೆ, ಇಮ್ಮಡಿ ಖರ್ಚು. ಈ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಕುಟುಂಬಕ್ಕಾಗಿ ಖರ್ಚು ಮಾಡಿದ ಹಣವೇ ಹೆಚ್ಚು ಪ್ರತಿಫಲ ತರುವಂಥದ್ದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಆದರೆ ಆ ಖರೀದಿಯ ಪಟ್ಟಿಯನ್ನು ಬರೆಯುವವರು ಯಾರು, ಅದರ ಹಣವನ್ನು ತೆರುವವರು ಯಾರು ಎಂಬ ಪ್ರಶ್ನೆಗಳನ್ನು ನಮ್ಮ ಸಮುದಾಯ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾಗಿದೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಅತಿರೇಕಗಳಿವೆ. ಹೆರಿಗೆಗೆ ಮೊದಲು ಮಗುವಿಗಾಗಿ ಒಂದು ತುಂಡು ಬಟ್ಟೆಯನ್ನೂ ಕೊಳ್ಳಬಾರದು, ಕೊಂಡರೆ ಅಪಶಕುನ ಎಂಬ ನಂಬಿಕೆ ಮೊದಲನೆಯದು. ಶಕುನ-ಅಪಶಕುನಗಳ ನಂಬಿಕೆಯನ್ನು ಪ್ರವಾದಿ(ಸ)ರು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಅವಳಿ ಮಕ್ಕಳ ವಿಷಯದಲ್ಲಂತೂ ಈ ಮೂಢನಂಬಿಕೆ ಅಪಾಯಕಾರಿ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರಗಳು ತುಂಬುವ ಮುನ್ನವೇ ಜನಿಸುತ್ತಾರೆ. ಅನೇಕರ ತೂಕ ಎರಡೂವರೆ ಕಿಲೋಗಿಂತ ಕಡಿಮೆಯಿರುತ್ತದೆ. ಒಂಬತ್ತು ತಿಂಗಳು ತುಂಬಲಿ, ಆಮೇಲೆ ನೋಡೋಣ ಎಂದು ಕುಳಿತ ಮನೆಗೆ ಎಂಟನೆಯ ತಿಂಗಳ ನಡುರಾತ್ರಿ ಹೆರಿಗೆ ನೋವು ಬರಬಹುದು. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ ವಚನದ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ.

ಎರಡನೆಯ ಅತಿರೇಕ ಪ್ರದರ್ಶನ. ಏಳನೆಯ ತಿಂಗಳ ಸಮಾರಂಭ, ವೇದಿಕೆಯ ಅಲಂಕಾರ, ಮೊಬೈಲಿನಲ್ಲಿ ಹಂಚಲೆಂದೇ ತೆಗೆದ ಚಿತ್ರಗಳು, ಒಂದೇ ಬಣ್ಣದ ಜೋಡಿ ಮಂಚಗಳು, ನಮ್ಮ ಓಣಿಯಲ್ಲಿ ತಿರುಗಲೂ ಜಾಗವಿಲ್ಲದ ಅವಳಿ ತಳ್ಳುಗಾಡಿ. ಇವುಗಳಿಗೆ ಕೈಯಲ್ಲಿ ಹಣವಿಲ್ಲದಿದ್ದರೆ ಕ್ರೆಡಿಟ್ ಕಾರ್ಡು, ಬಡ್ಡಿಯ ಕಂತು. ಹುಟ್ಟಲಿರುವ ಮಕ್ಕಳ ಸ್ವಾಗತವನ್ನು ಅಲ್ಲಾಹನು ನಿಷೇಧಿಸಿದ ಬಡ್ಡಿಯಿಂದ ಆರಂಭಿಸುವುದು ಎಂತಹ ವಿಪರ್ಯಾಸ! ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಲೂಬಾರದು, ಪೂರ್ತಿ ಚಾಚಿಬಿಡಲೂಬಾರದು ಎಂಬ ಅರ್ಥದ ಪವಿತ್ರ ಕುರ್‌ಆನಿನ ಬೋಧನೆ (17:29) ಮಸೀದಿಯ ಪ್ರವಚನಕ್ಕೆ ಮಾತ್ರ ಸೀಮಿತವಲ್ಲ. ಮಕ್ಕಳ ಸಾಮಗ್ರಿಗಳ ಅಂಗಡಿಯ ಬಾಗಿಲಿನಲ್ಲೂ ಅದು ನೆನಪಾಗಬೇಕು.

ಹಾಗಾದರೆ ನಿಜವಾಗಿ ಬೇಕಾದುದು ಏನು? ನವಜಾತ ಶಿಶುವೊಂದು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ. ಇಬ್ಬರೆಂದರೆ ತಾಯಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಬಟ್ಟೆ ಅಥವಾ ಡಯಾಪರ್ ಇಬ್ಬರಿಗೂ ಸೇರಿ ದಿನಕ್ಕೆ ಹದಿನಾರು, ಇಪ್ಪತ್ತು ಬಾರಿ ಬದಲಿಸಬೇಕಾಗಬಹುದು. ಆದ್ದರಿಂದ ಮೆತ್ತನೆಯ ಹತ್ತಿ ಬಟ್ಟೆಗಳು ಧಾರಾಳವಾಗಿರಲಿ. ಹಳೆಯ ಹತ್ತಿ ಸೀರೆಯನ್ನು ಒಗೆದು ಬಿಸಿಲಲ್ಲಿ ಒಣಗಿಸಿ ಹರಿದು ಮಾಡಿದ ಬಟ್ಟೆ ಅಂಗಡಿಯ ಬಟ್ಟೆಗಿಂತ ಕೀಳಲ್ಲ. ಟೊಪ್ಪಿ, ಕಾಲುಚೀಲ, ಹೊದಿಸಲು ದಪ್ಪ ಬಟ್ಟೆ, ಒಂದು ಥರ್ಮಾಮೀಟರ್ ಬೇಕು. ಕಡಿಮೆ ತೂಕದ ಮಕ್ಕಳಿಗೆ ದೇಹದ ಬಿಸುಪನ್ನು ಕಾಯ್ದುಕೊಳ್ಳುವುದೇ ದೊಡ್ಡ ಸವಾಲು. ಇಬ್ಬರಿಗೂ ಬೇರೆ ಬೇರೆಯಾಗಿ, ಅಂಗಾತ ಮಲಗಲು ಸಮತಟ್ಟಾದ, ಗಟ್ಟಿಯಾದ ಹಾಸಿಗೆ ಬೇಕು, ದಿಂಬು ಬೇಡ. ಗಾಲಿಯುಳ್ಳ ವಾಕರ್ ಅನ್ನಂತೂ ಪಟ್ಟಿಯಿಂದ ತೆಗೆದುಬಿಡಿ. ಮಕ್ಕಳು ಗಾಯಗೊಳ್ಳುತ್ತಾರೆಂಬ ಕಾರಣಕ್ಕೆ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ.

ತಳ್ಳುಗಾಡಿಗೆಂದು ಮೀಸಲಿಟ್ಟ ಹಣವನ್ನು ನವಜಾತ ಶಿಶು ತೀವ್ರ ನಿಗಾ ಘಟಕದ ಸಂಭಾವ್ಯ ಖರ್ಚಿಗೆ ಇಟ್ಟುಕೊಳ್ಳುವುದು ಜಾಣತನ. ಮಕ್ಕಳ ವಿಶೇಷ ಆರೈಕೆ ಘಟಕವಿರುವ ಆಸ್ಪತ್ರೆ ಎಲ್ಲಿದೆ, ರಾತ್ರಿ ವಾಹನ ಯಾರದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹಿತ ಹೆರಿಗೆಯೂ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆಯೂ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅದನ್ನು ಪಡೆಯುವುದರಲ್ಲಿ ಯಾವ ಅಗೌರವವೂ ಇಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಹಣ ಯಾರದು? ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ಮಗಳ ಮೇಲಿನ ಮಮತೆಯಿಂದ ಹುಟ್ಟಿದ್ದು. ಅದರಲ್ಲಿ ತಾಯಿಯ ಕೈಯ ಬಾಣಂತನವಿದೆ, ವಿಶ್ರಾಂತಿಯಿದೆ. ಆದರೆ ಇಂದು ಅನೇಕ ಕಡೆ ಅದೇ ರೂಢಿ ವರದಕ್ಷಿಣೆಯ ಎರಡನೆಯ ಕಂತಾಗಿದೆ. ಆಸ್ಪತ್ರೆಯ ಬಿಲ್ಲು, ತೊಟ್ಟಿಲು, ಮಗುವಿಗೆ ಚಿನ್ನ, ಅಳಿಯನ ಮನೆಯವರಿಗೆ ಉಡುಗೊರೆ ಎಲ್ಲವೂ ಹೆಣ್ಣಿನ ತಂದೆಯ ತಲೆಗೆ. ಅವಳಿಗಳೆಂದರೆ ಎಲ್ಲವೂ ಎರಡೆರಡು! ಮದುವೆಯ ಸಾಲವೇ ತೀರದ ಆ ತಂದೆ ಮೊಮ್ಮಕ್ಕಳ ಸುದ್ದಿ ಕೇಳಿ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾ, ಒಳಗೊಳಗೇ ನಡುಗುತ್ತಾನೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಯಾವ ಅಸ್ಪಷ್ಟತೆಯನ್ನೂ ಉಳಿಸಿಲ್ಲ. ಹಾಲುಣಿಸುವ ತಾಯಿಯ ಅನ್ನ-ವಸ್ತ್ರಗಳ ಹೊಣೆ ಮಗುವಿನ ತಂದೆಯದು ಎಂದು ಅಲ್‌ಬಕರ ಅಧ್ಯಾಯದ 233ನೇ ಸೂಕ್ತ ನಿಗದಿಪಡಿಸಿದೆ. ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸಬಾರದೆಂಬ ತತ್ವವೂ ಅದೇ ಸೂಕ್ತದಲ್ಲಿದೆ. ಅಜ್ಜ ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ. ನಿರೀಕ್ಷಿಸಿ, ಸೂಚಿಸಿ, ಹೋಲಿಸಿ ಪಡೆದದ್ದು ಉಡುಗೊರೆಯಲ್ಲ. ತೊಟ್ಟಿಲಿನ ಪಟ್ಟಿಯನ್ನು ಮಾವನ ಮನೆಗೆ ಕಳುಹಿಸುವ ಯುವಕ ತನ್ನ ತಂದೆತನವನ್ನೇ ಇನ್ನೊಬ್ಬರಿಗೆ ಒಪ್ಪಿಸುತ್ತಿದ್ದಾನೆ.

ತಂದೆತನವೆಂದರೆ ಹಣ ಮಾತ್ರವೂ ಅಲ್ಲ. ಇಬ್ಬರು ಶಿಶುಗಳ ಮನೆಯಲ್ಲಿ ಅತ್ಯಂತ ಅಗತ್ಯವಾದ ಸಾಮಗ್ರಿ ಕೈಗಳು. ಒಂದು ಮಗುವನ್ನು ತಾಯಿ ಎತ್ತಿಕೊಂಡಾಗ ಇನ್ನೊಂದನ್ನು ಎತ್ತಿಕೊಳ್ಳುವವರು ಬೇಕು. ಪ್ರವಾದಿ(ಸ)ರು ಮನೆಯಲ್ಲಿರುವಾಗ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಡಯಾಪರ್ ಬದಲಿಸಲು ನಾಚುವ ಗಂಡಸು ಯಾವ ಸುನ್ನತ್ತನ್ನು ಕಾಪಾಡುತ್ತಿದ್ದಾನೆ?

ಎದೆಹಾಲಿನ ಕುರಿತೂ ಮೊದಲೇ ಮಾತಾಡಿಕೊಳ್ಳಬೇಕು. ಇಬ್ಬರಿಗೆ ಹಾಲು ಸಾಲದು ಎಂದು ಮೊದಲ ದಿನವೇ ಹೇಳಿ ತಾಯಿಯ ಧೈರ್ಯ ಕೆಡಿಸುವವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಒಳ್ಳೆಯ ಆಹಾರ, ವಿಶ್ರಾಂತಿ, ಸಹಾಯ ಸಿಕ್ಕರೆ ಅನೇಕ ತಾಯಂದಿರು ಇಬ್ಬರಿಗೂ ಉಣಿಸುತ್ತಾರೆ. ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶದ ಕಾನೂನು 1992ರಲ್ಲೇ ನಿಷೇಧಿಸಿದೆ. ಹಾಗೆಂದು ವೈದ್ಯರು ಅಗತ್ಯವೆಂದಾಗ ಕೊಡುವುದು ತಾಯಿಯ ಸೋಲೂ ಅಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಕೆಲವು ಆಸ್ಪತ್ರೆಗಳು ಎದೆಹಾಲು ಬ್ಯಾಂಕಿನ ಹಾಲನ್ನು ಸೂಚಿಸುತ್ತವೆ. ಸ್ತನಪಾನದಿಂದ ಏರ್ಪಡುವ ಸಂಬಂಧದ ಕಾರಣದಿಂದ ಈ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಇಂಥ ಬ್ಯಾಂಕುಗಳನ್ನು ಒಪ್ಪಲಿಲ್ಲ. ಶೈಖ್ ಯೂಸುಫುಲ್ ಕರ್ಝಾವಿಯವರಂಥವರು ಅನುಮತಿಸಿದ್ದಾರೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಗೊಂದಲಪಡುವ ಬದಲು ನಂಬಿಕೆಯ ಆಲಿಮರೊಬ್ಬರೊಂದಿಗೆ, ವೈದ್ಯರೊಂದಿಗೆ ಈಗಲೇ ಚರ್ಚಿಸುವುದು ಲೇಸು. ಇನ್ನು ಜೇನು: ಬರಕತ್ತಿನ ಹೆಸರಿನಲ್ಲಿಯೂ ಒಂದು ವರ್ಷ ತುಂಬುವವರೆಗೆ ಶಿಶುವಿನ ಬಾಯಿಗೆ ಜೇನು ಹಚ್ಚಬೇಡಿ, ಅದರಿಂದ ಗಂಭೀರ ಕಾಯಿಲೆ ಬರುವ ಸಂಭವವಿದೆ.

ಸಮುದಾಯಕ್ಕೂ ಇಲ್ಲಿ ಒಂದು ಕೆಲಸವಿದೆ. ಅಲ್‌ಮಾಊನ್ ಅಧ್ಯಾಯವನ್ನು ನಮ್ಮ ಮಕ್ಕಳೂ ಬಾಯಿಪಾಠ ಮಾಡಿದ್ದಾರೆ. ನಿತ್ಯ ಬಳಕೆಯ ಚಿಕ್ಕಪುಟ್ಟ ವಸ್ತುಗಳನ್ನು ನೆರೆಯವರಿಗೆ ಕೊಡಲು ನಿರಾಕರಿಸುವವರನ್ನು ಅದು ನಮಾಝಿನಲ್ಲಿ ತೋರಿಕೆ ಮಾಡುವವರ ಸಾಲಿನಲ್ಲಿ ನಿಲ್ಲಿಸುತ್ತದೆ. ಮಗುವಿನ ಸಾಮಗ್ರಿಯಷ್ಟು ಈ ಮಾತಿಗೆ ಹೊಂದುವ ವಸ್ತು ಬೇರೊಂದಿಲ್ಲ. ತೊಟ್ಟಿಲ ಆಯುಸ್ಸು ಮಗುವಿಗೆ ಕೆಲವೇ ತಿಂಗಳು. ಮರಕ್ಕೆ ಮೂವತ್ತು ವರ್ಷ. ನಮ್ಮ ಎಷ್ಟು ಮನೆಗಳ ಅಟ್ಟದಲ್ಲಿ ಇಂಥ ತೊಟ್ಟಿಲುಗಳು ಧೂಳು ಹಿಡಿದಿವೆ! ಪ್ರತಿ ಜಮಾಅತ್ ಅಥವಾ ಮಹಿಳಾ ಘಟಕ ಒಂದು ಕಪಾಟನ್ನು ಇದಕ್ಕಾಗಿ ಇಡಲಿ. ಗಟ್ಟಿಮುಟ್ಟಾದ ತೊಟ್ಟಿಲು, ಹೊದಿಕೆ, ತಳ್ಳುಗಾಡಿಗಳನ್ನು ಶುಚಿಗೊಳಿಸಿ, ಬೇಕಾದವರಿಗೆ ಕೊಟ್ಟು, ಬಳಸಿದ ಮೇಲೆ ಮರಳಿ ಪಡೆಯಲಿ. ಶ್ರೀಮಂತರೂ ಅಲ್ಲಿಂದಲೇ ಪಡೆದರೆ ಬಡವರಿಗೆ ಸಂಕೋಚವಾಗದು.

ಕೊನೆಯದಾಗಿ ಅಕೀಕಾದ ಮಾತು. ಇಬ್ಬರು ಮಕ್ಕಳಿಗೂ ಪ್ರತ್ಯೇಕ ಅಕೀಕಾ ಎಂಬುದು ವಿದ್ವಾಂಸರ ನಿಲುವು. ಗಂಡುಮಗುವಿಗೆ ಎರಡು, ಹೆಣ್ಣುಮಗುವಿಗೆ ಒಂದು ಕುರಿಯೆಂದು ಹದೀಸ್‌ನಲ್ಲಿದೆ. ಆದರೆ ಅದು ಸಾಮರ್ಥ್ಯವಿದ್ದವರಿಗೆ. ಮಕ್ಕಳು ಇನ್ನೂ ಆಸ್ಪತ್ರೆಯಲ್ಲಿರುವಾಗ ಸಾಲ ಮಾಡಿ ಏಳನೆಯ ದಿನವೇ ಊರಿಗೆ ಊಟ ಹಾಕಬೇಕೆಂದು ಯಾರೂ ವಿಧಿಸಿಲ್ಲ. ಅವಳಿಗಳಿಬ್ಬರೂ ಹೆಣ್ಣಾದರೆ ಮುಖ ಬಾಡಿಸುವ ಬಂಧುಗಳಿಗೆ ಒಂದು ಮಾತನ್ನು ನೆನಪಿಸಬೇಕು. ಇಬ್ಬರು ಹೆಣ್ಣುಮಕ್ಕಳನ್ನು ಪ್ರೌಢರಾಗುವವರೆಗೆ ಸಾಕಿದವನು ಪುನರುತ್ಥಾನದ ದಿನ ತನ್ನೊಂದಿಗೆ ಹೀಗೆ ಇರುವನು ಎಂದು ಪ್ರವಾದಿ(ಸ)ರು ಬೆರಳುಗಳನ್ನು ಜೋಡಿಸಿ ತೋರಿಸಿದ್ದರು. ಆ ಭಾಗ್ಯ ಒಂದೇ ಹೆರಿಗೆಯಲ್ಲಿ ಮನೆಬಾಗಿಲಿಗೆ ಬಂದಿರುವಾಗ ಅಲ್ಲಿ ನಿಟ್ಟುಸಿರಿಗೆ ಏನು ಕಾರಣ?

ಹುಟ್ಟುವ ಮಕ್ಕಳ ಅನ್ನವನ್ನು ಅಲ್ಲಾಹನು ವಹಿಸಿಕೊಂಡಿದ್ದಾನೆ. ಆ ಮಕ್ಕಳ ಹೆಸರಿನಲ್ಲಿ ಯಾರದೋ ಮನೆಯ ಅನ್ನವನ್ನು ಕಸಿಯದಿರುವ ಹೊಣೆ ನಮ್ಮದು.