ಐಡ್ಲಿಂಗ್ ನಡುಗಿದ್ರೆ ಕಾರ್ಬುರೇಟರ್‌ಗೆ ಯಾಕೆ ಬೈತೀರಾ? (ಹಳೇ ಗಾಡಿ ಸರಣಿ, ಭಾಗ 4)

ರೀಲ್ಸ್‌ನಲ್ಲಿ ಮಾಡಿಫೈ ಮಾಡಿದ ಪದ್ಮಿನಿ ನಿಂತಲ್ಲೇ ಗಡಗಡ ನಡುಗಿದ್ರೆ ಕೆಳಗೆ ಬರೀ ಬೆಂಕಿ ಎಮೋಜಿ. ನನ್ನ ಪ್ರಕಾರ ಅದು ಗತ್ತಲ್ಲ ಗುರು, ಕಾಯಿಲೆ. 1089 ಸಿಸಿಯ ಆ ಫಿಯಟ್ ಇಂಜಿನ್ ಮುಂಬೈನಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಲ್ಲಿ ದುಡೀತು. ಸಿಗ್ನಲ್‌ನಲ್ಲಿ ತೆಪ್ಪಗೆ ನಿಲ್ಲೋಕೆ ಅದಕ್ಕೆ ಚೆನ್ನಾಗೇ ಬರತ್ತೆ.

ರೇಸ್ ಕ್ಯಾಮ್ ಹಾಕಿಸಿದ್ರೆ ಸ್ವಲ್ಪ ಕುಣಿಯೋದು ಸಹಜ, ಒಪ್ತೀನಿ. ಆದ್ರೆ ನಾನು ನೋಡಿರೋ ಗಾಡಿಗಳಲ್ಲಿ ಮಾಡಿಫಿಕೇಶನ್ ಅಂದ್ರೆ ಬೇರೆ ಗಾಡಿಯ ಕಾರ್ಬುರೇಟರ್, ಅದನ್ನ ಕೂರಿಸೋಕೆ ಲೇತ್‌ನಲ್ಲಿ ಮಾಡಿಸಿದ ಪ್ಲೇಟ್, ಒಂದು ಕೋನ್ ಫಿಲ್ಟರ್. ಅಷ್ಟೇ.

ನನ್ನ ಅನುಮಾನ ಮೊದಲು ಹೋಗೋದು ಆ ಪ್ಲೇಟ್ ಮೇಲೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹತ್ತತ್ರ ಮುಚ್ಚಿರತ್ತೆ, ಇಂಜಿನ್ ಒಳಗಿನ ಎಳೆತ ಜೋರಾಗಿರತ್ತೆ. ಗ್ಯಾಸ್ಕೆಟ್‌ನಲ್ಲಿ ಕೂದಲೆಳೆ ಸಂದಿ ಇದ್ರೂ ಅಲ್ಲಿಂದ ಗಾಳಿ ನುಗ್ಗತ್ತೆ. ಪೆಟ್ರೋಲ್ ಪಾಲು ಕಮ್ಮಿಯಾಗಿ ಮಿಸ್ಸಿಂಗ್ ಶುರು. ಆಕ್ಸಿಲರೇಟರ್ ಕೊಟ್ರೆ ಒಳಗೆ ಹೋಗೋ ಒಟ್ಟು ಗಾಳಿ ಎಷ್ಟೋ ಜಾಸ್ತಿ, ಆ ಸಂದಿ ಲೆಕ್ಕಕ್ಕೇ ಬರಲ್ಲ. ಅದಕ್ಕೇ “ಓಡ್ತಾ ಸೂಪರ್, ನಿಂತ್ರೆ ಆಫ್” ಅನ್ನೋದು.

ಕಾಸಿಲ್ಲದ ಪರೀಕ್ಷೆ: ಇಂಜಿನ್ ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಎಳೀರಿ. ನಡುಕ ನಿಂತ್ರೆ ಎಲ್ಲೋ ಗಾಳಿ ಎಳೀತಿದೆ, ಇಲ್ಲಾ ಐಡಲ್ ಜೆಟ್‌ನಲ್ಲಿ ಕಸ ಕೂತಿದೆ. ಇನ್ನೂ ಹದಗೆಟ್ರೆ ಪೆಟ್ರೋಲ್ ಈಗಾಗ್ಲೇ ಜಾಸ್ತಿ ಹೋಗ್ತಿರಬಹುದು. ಕಾರ್ಬ್ ಕ್ಲೀನರ್ ಹೊಡೆದು ಲೀಕ್ ಹುಡುಕೋ ವಿಡಿಯೋ ನೋಡಿರ್ತೀರಾ. ಬಿಸಿ ಸೈಲೆನ್ಸರ್ ಪೈಪ್ ಪಕ್ಕ ಅದು ಬೆಂಕಿ ಜೊತೆ ಆಟ, ಮೆಕ್ಯಾನಿಕ್ ಇಲ್ಲದೆ ಬೇಡ.

ಚೋಕ್‌ಗೆ ಏನೂ ಬದಲಾಗಿಲ್ವಾ? ಹಾಗಾದ್ರೆ ಪ್ಲಗ್, ಪಾಯಿಂಟ್, ಟೈಮಿಂಗ್, ಟ್ಯಾಪೆಟ್ ಗ್ಯಾಪ್, ಕಂಪ್ರೆಶನ್ ನೋಡಿಸಿ. ಕಾರ್ಬುರೇಟರ್ ಬಿಚ್ಚೋದು ಕೊನೇಗೆ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸಿ “ಸರಿಯಾಯ್ತು” ಅಂತ ಕಳಿಸೋರ ಮೇಲೆ. ನಮ್ಮ ಬಿಕಾಂನೋರಿಗೆ ಗೊತ್ತಲ್ಲ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸಾನ ಸಸ್ಪೆನ್ಸ್ ಅಕೌಂಟ್‌ಗೆ ತಳ್ಳೋದು. ಲೆಕ್ಕ ಕೂಡ್ತು, ತಪ್ಪು ಅಲ್ಲೇ ಇದೆ. ಈ ಸ್ಕ್ರೂ ಕೂಡ ಅದೇ. ಗಾಳಿ ಎಳೀತಾನೇ ಇರತ್ತೆ, ಪೆಟ್ರೋಲ್ ಬಿಲ್ ಮನೇಲಿ ಅಪ್ಪ ಕಟ್ತಾರೆ.

ನಿಮ್ಮನೇಲಿ ಹಳೇ ಗಾಡಿ ಇದ್ರೆ ಚೋಕ್ ಎಳೆದು ಏನಾಯ್ತು ಅಂತ ಕಾಮೆಂಟ್ ಹಾಕಿ. ಭಾಗ 5ರಲ್ಲಿ ಪ್ಲಗ್ ಬಣ್ಣ ನೋಡೋದು ಹೇಗೆ ಅಂತ ಬರೀತೀನಿ.