ಮಾಡುವುದರ ಜೊತೆಗೆ ತಿದ್ದುವುದನ್ನೂ ಕಲಿಸೋಣ

ಕಳೆದ ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಏಳನೆಯ ತರಗತಿಗೆ ಸಸ್ಯಗಳ ಪೋಷಣೆ ಕುರಿತು ನಾಲ್ಕು ನಿಮಿಷದ ವಿಡಿಯೊ ತೋರಿಸಿದರು. ದನಿ ಸ್ಪಷ್ಟವಾಗಿತ್ತು, ಚಿತ್ರಗಳು ಪಾಠಕ್ಕೆ ಹೊಂದುತ್ತಿದ್ದವು. ಆದರೆ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ದ್ಯುತಿಸಂಶ್ಲೇಶಣೆ' ಎಂದಿತ್ತು; 'ಷ' ಇರಬೇಕಾದಲ್ಲಿ 'ಶ'. ಮಕ್ಕಳು ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಪಾಠ ಮುಗಿದ ಮೇಲೆ ತೋರಿಸಿಕೊಟ್ಟಾಗ ಅವರು, "ಈಗ ತಿದ್ದೋಕಾಗಲ್ಲ ಸರ್, ವಿಡಿಯೊ ಎಕ್ಸ್‌ಪೋರ್ಟ್ ಆದ ಮೇಲೆ ಪ್ರಾಜೆಕ್ಟ್ ಫೈಲ್ ಡಿಲೀಟ್ ಮಾಡಿಬಿಟ್ಟೆ" ಎಂದರು. ಮರುದಿನ 'ಬಿ' ವಿಭಾಗದಲ್ಲಿ ವಿಡಿಯೊ ಇಲ್ಲದೆಯೇ ಪಾಠ ನಡೆಯಿತು. ಮೂರು ಸಂಜೆಯ ಶ್ರಮ ಒಂದಕ್ಷರಕ್ಕೆ ಬಲಿಯಾಯಿತು.

ಕಪ್ಪುಹಲಗೆಯ ಮೇಲಾಗಿದ್ದರೆ ಡಸ್ಟರ್‌ನಿಂದ ಒರೆಸಿ ಮತ್ತೆ ಬರೆಯುತ್ತಿದ್ದರು. ಇಲ್ಲಿ ದೋಷ ಅವರದಷ್ಟೇ ಅಲ್ಲ, ಕಲಿಸಿದ ನಮ್ಮದು ಕೂಡ. ವಿಡಿಯೊ ಮಾಡುವುದನ್ನು ಕಲಿಸಿದೆವು, ತಿದ್ದುವುದನ್ನು ಕಲಿಸಲಿಲ್ಲ. ನಮ್ಮ ಮೌಲ್ಯಮಾಪನ ಪತ್ರದಲ್ಲಿ 'ಆಕರ್ಷಕ ಶೀರ್ಷಿಕೆ'ಗೆ ಅಂಕವಿದೆ. ಶುದ್ಧವಾದ, ಓದಲು ಬರುವ ಶೀರ್ಷಿಕೆಗೆ ಇಲ್ಲ.

ಪರದೆಯ ಬರಹವನ್ನು ಅಲಂಕಾರವೆಂದು ತಿಳಿದಿರುವುದೇ ಇದಕ್ಕೆ ಮೂಲ. ಅದು ಕಪ್ಪುಹಲಗೆಯ ಕೆಲಸದ ಇನ್ನೊಂದು ರೂಪ. ಪದ ತನಗೆ ಸಂಬಂಧಿಸಿದ ಚಿತ್ರದ ಪಕ್ಕದಲ್ಲೇ ಇರಬೇಕು, ಹೇಳಿದ್ದನ್ನೆಲ್ಲ ಪರದೆಯ ಮೇಲೂ ತುಂಬಿದರೆ ಕಲಿಯುವವರಿಗೆ ಹೊರೆ ಎಂಬ ರಿಚರ್ಡ್ ಮೇಯರ್ ಅವರ ತತ್ವಗಳನ್ನು ನಾವೇ ಪಾಠ ಮಾಡುತ್ತೇವೆ. ಕನ್ನಡಕ್ಕೆ ಇನ್ನೂ ಕೆಲವು ಎಚ್ಚರಗಳು ಬೇಕು. ಅಕ್ಷರಗಳು ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಕೊಟ್ಟರೆ 'ಕ್ಷ' ಎಂಬುದು ಮೊದಲು 'ಕ', ಆಮೇಲೆ 'ಕ್' ಆಗಿ ಕಾಣಿಸಬಹುದು, ಏಕೆಂದರೆ ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತಗಳ ಜೋಡಣೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದ್ದನ್ನು ಯೂನಿಕೋಡ್ ಫಾಂಟ್ ಇರುವ ಕಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಇವನ್ನೆಲ್ಲ ನೋಡಿ ಸರಿಪಡಿಸಲು ವ್ಯವಧಾನ ಬೇಕು.

ಶಾರ್ಟ್‌ಕಟ್ ಕೀಲಿಗಳ ಬೆಲೆ ಇರುವುದು ಇಲ್ಲಿ. "ಇಷ್ಟೊಂದು ಕೀಲಿಗಳನ್ನು ಬಾಯಿಪಾಠ ಮಾಡಿಸುವುದೇಕೆ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪಟ್ಟಿ ಕೊಟ್ಟು ಕಲಿಸುವುದಕ್ಕೆ ನನ್ನ ವಿರೋಧವೂ ಇದೆ. ಕ್ಲಿಪ್ ಕತ್ತರಿಸಲು ಶಾಟ್‌ಕಟ್‌ನಲ್ಲಿ 'ಎಸ್', ಕೆಡೆನ್‌ಲೈವ್‌ನಲ್ಲಿ 'ಶಿಫ್ಟ್-ಆರ್', ಪ್ರೀಮಿಯರ್ ಪ್ರೊದಲ್ಲಿ 'ಕಂಟ್ರೋಲ್-ಕೆ'. ಒಂದರ ಪಟ್ಟಿ ಇನ್ನೊಂದರಲ್ಲಿ ನಡೆಯದು. ಆದರೆ ಹಿಂದಕ್ಕೆ ಹೋಗಲು 'ಜೆ', ನಿಲ್ಲಿಸಲು 'ಕೆ', ಮುಂದಕ್ಕೆ ಹೋಗಲು 'ಎಲ್' ಎಂಬುದು ಈ ಮೂರರಲ್ಲೂ ಇದೆ. ಸ್ಪೇಸ್‌ಬಾರ್, ಕಂಟ್ರೋಲ್-ಝಡ್, ಕಂಟ್ರೋಲ್-ಎಸ್ ಸೇರಿಸಿದರೆ ಆರು. ಕತ್ತರಿಸುವ ಕೀಲಿ ಏಳನೆಯದು. ತಮ್ಮದೇ ಪಾಠದ ವಿಡಿಯೊ ತಿದ್ದುತ್ತಾ ಕಲಿತರೆ ಇವು ಬೇಗ ಕೈಗೆ ಹತ್ತುತ್ತವೆ. ಮೌಸ್ ಹಿಡಿದು ಹುಡುಕುವ ಶ್ರಮ ಉಳಿದರೆ ಇನ್ನೊಮ್ಮೆ ನೋಡಿ ತಿದ್ದುವ ಮನಸ್ಸು ಬರುತ್ತದೆ.

ಒಂದು ತೊಡಕನ್ನು ಮೊದಲೇ ಹೇಳಿಕೊಡಬೇಕು. ಕನ್ನಡ ಶೀರ್ಷಿಕೆ ಟೈಪಿಸಿದ ಮೇಲೆ ಕೀಲಿಮಣೆ ಕನ್ನಡದಲ್ಲೇ ಉಳಿದಿದ್ದರೆ 'ಎಸ್', 'ಜೆ' ಕೀಲಿಗಳು ಕೆಲಸ ಮಾಡದೆ ಹೋಗಬಹುದು. ಕರ್ಸರ್ ಇನ್ನೂ ಶೀರ್ಷಿಕೆಯ ಚೌಕದೊಳಗಿದ್ದರೆ ಕ್ಲಿಪ್ ಕತ್ತರಿಸುವ ಬದಲು ಪದದ ನಡುವೆ ಒಂದಕ್ಷರ ಸೇರಿಕೊಳ್ಳುತ್ತದೆ. ಇದು ತಿಳಿಯದೆ "ಸಾಫ್ಟ್‌ವೇರ್ ಕೆಟ್ಟಿದೆ" ಎಂದು ಲ್ಯಾಬ್‌ನಿಂದ ಎದ್ದು ಹೋದವರನ್ನು ನೋಡಿದ್ದೇನೆ.

ಬಹುಪಾಲು ಪ್ರಶಿಕ್ಷಣಾರ್ಥಿಗಳು ಮೊಬೈಲ್‌ನಲ್ಲೇ ವಿಡಿಯೊ ಮಾಡುತ್ತಾರಲ್ಲ ಎನ್ನಬಹುದು. ನಿಜ, ಅಲ್ಲಿ ಈ ಕೀಲಿಗಳಿಲ್ಲ. ಆದರೂ ಕರಡನ್ನು ಅಳಿಸದೆ ಇಟ್ಟುಕೊಳ್ಳುವ ನಿಯಮ ಅಲ್ಲಿಗೂ ಅನ್ವಯಿಸುತ್ತದೆ.

ಆದ್ದರಿಂದ ನನ್ನ ಸಲಹೆ ಮೂರು. ಮೊದಲನೆಯದು, ವಿಡಿಯೊ ಜೊತೆಗೆ ಪ್ರಾಜೆಕ್ಟ್ ಫೈಲ್ ಇರುವ ಇಡೀ ಫೋಲ್ಡರನ್ನೂ ಸಲ್ಲಿಸಲಿ. ಸಾಮಾನ್ಯವಾಗಿ ಪ್ರಾಜೆಕ್ಟ್ ಫೈಲಿನಲ್ಲಿ ಸಂಕಲನದ ವಿವರವಿರುತ್ತದೆಯೇ ಹೊರತು ಮೂಲ ದೃಶ್ಯಗಳಿರುವುದಿಲ್ಲ. ಎರಡನೆಯದು, ಎಕ್ಸ್‌ಪೋರ್ಟ್ ಮಾಡುವ ಮುನ್ನ ಪ್ರತಿ ಶೀರ್ಷಿಕೆಯನ್ನು ಸಹಪಾಠಿಯೊಬ್ಬರು ಗಟ್ಟಿಯಾಗಿ ಓದಲಿ. ಮೂರನೆಯದು, ಮೇಲ್ವಿಚಾರಕರು ಸೂಚಿಸಿದ ಒಂದು ಶೀರ್ಷಿಕೆಯನ್ನು ಅವರೆದುರೇ ತಿದ್ದಿ ತೋರಿಸುವುದಕ್ಕೆ ಅಂಕವಿರಲಿ. 'ಆಕರ್ಷಕ ಶೀರ್ಷಿಕೆ'ಯ ಅಂಕವನ್ನೇ ಇದಕ್ಕೆ ಕೊಟ್ಟರಾಯಿತು. ಮುಂದಿನ ಬೋಧನಾಭ್ಯಾಸದ ಪೂರ್ವಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಸಹೋದ್ಯೋಗಿಗಳನ್ನು ಕೋರುತ್ತೇನೆ.