ಹಳೆಯ ಪಿಕಪ್ ವಾಹನಗಳ ದುರಸ್ತಿ: ಬಿಡಿಭಾಗ ವರ್ತಕರ ಹೊಣೆ ಎಲ್ಲಿಯವರೆಗೆ?

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಪಿಕಪ್ ಜೀಪುಗಳು ಇಂದಿಗೂ ಗೊಬ್ಬರ, ಏಣಿ, ಕಾಫಿ ಚೀಲಗಳನ್ನು ಹೊತ್ತು ಓಡಾಡುತ್ತಿರುವುದು ಅಪರೂಪದ ದೃಶ್ಯವಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದಂದಿನಿಂದ ಮಲೆನಾಡಿನ ಏರು ದಾರಿಗಳಿಗೂ ಈ ವಾಹನಕ್ಕೂ ಬಿಡದ ನಂಟು. ಇವುಗಳಲ್ಲಿ ಬಹಳಷ್ಟು ವಾಹನಗಳು ಕಾಲಾಂತರದಲ್ಲಿ ಡೀಸೆಲ್ ಎಂಜಿನ್‌ಗೆ ಬದಲಾದವು. ಆದರೂ ಪೆಟ್ರೋಲಿನಲ್ಲಿಯೇ ಉಳಿದ ಜೀಪುಗಳು, 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮೊದಲ ತಲೆಮಾರಿನ ಗಾಡಿಗಳು, ಸರಕು ಸಾಗಣೆಗೆ ಮಾರ್ಪಟ್ಟ ಹಳೆಯ ಓಮ್ನಿಗಳು ಇನ್ನೂ ಇವೆ. ಇವೆಲ್ಲಕ್ಕೂ ಸಮಾನವಾದ ಒಂದು ಅಂಗವೆಂದರೆ ಕಾರ್ಬುರೇಟರ್. ಹೊಸ ವಾಹನಗಳಿಂದ ಈ ಅಂಗ ಬಹುಮಟ್ಟಿಗೆ ಮಾಯವಾಗಿದೆ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಮೇಲೆ ದ್ವಿಚಕ್ರ ವಾಹನಗಳಲ್ಲಿ ಹೆಚ್ಚಿನವೂ ಅದನ್ನು ಕೈಬಿಟ್ಟವು. ಆದರೆ ಬಿಡಿಭಾಗಗಳ ಪೇಟೆಯಲ್ಲಿ ಅದು ಬದುಕಿದೆ. ಯಾವ ಸ್ಥಿತಿಯಲ್ಲಿ ಬದುಕಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ವ್ಯವಹಾರ ಸಾಮಾನ್ಯವಾಗಿ ನಡೆಯುವ ಬಗೆ ಹೀಗಿದೆ. ಬೆಳಿಗ್ಗೆ ಗಾಡಿ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಎಳೆತವಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. (ಪಿಕಪ್ ಗಾಡಿಗೇ ಪಿಕಪ್ ಇಲ್ಲವೆಂಬ ತಮಾಷೆ ತೋಟದ ಶೆಡ್ಡುಗಳಲ್ಲಿ ಹಳೆಯದು.) ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, “ಕಾರ್ಬುರೇಟರ್ ಹೋಗಿದೆ ಸಾರ್, ಹೊಸದೇ ಹಾಕಬೇಕು” ಎನ್ನುತ್ತಾನೆ. ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗೆ ಚಾಚಿಕೊಂಡಿರುವ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಫೋನು ಹೋಗುತ್ತದೆ. “ಒರಿಜಿನಲ್ಲಾ, ಲೋಕಲ್ಲಾ?” ಎಂಬ ಒಂದೇ ಪ್ರಶ್ನೆಯಲ್ಲಿ ತಾಂತ್ರಿಕ ಸಮಾಲೋಚನೆ ಮುಗಿದು, ಮರುದಿನ ಬಸ್ಸಿನಲ್ಲಿ ಪೆಟ್ಟಿಗೆ ಬರುತ್ತದೆ. ಗಾಡಿ ಹೇಗೂ ಶೆಡ್ಡಿನಲ್ಲಿ ನಿಂತಿದೆಯೆಂದು ಮನೆಯ ಮಕ್ಕಳ ಒತ್ತಾಯಕ್ಕೆ ಒಂದು ಸ್ಟೀರಿಯೋವನ್ನೂ ಹಾಕಿಸಲಾಗುತ್ತದೆ. ಅದನ್ನು ಕೂರಿಸುವವನು ಬೇರೆಯೇ ಕೆಲಸಗಾರ. ಎರಡು ಕೆಲಸ, ಎರಡು ಕೈ; ಹಲವು ಸಂದರ್ಭಗಳಲ್ಲಿ ಒಂದಕ್ಕೂ ರಸೀದಿ ಇಲ್ಲ.

ಮೊದಲನೆಯದಾಗಿ, ಬದಲಾಯಿಸಲ್ಪಡುವ ಕಾರ್ಬುರೇಟರ್ ನಿಜವಾಗಿಯೂ ಕೆಟ್ಟಿತ್ತೇ ಎಂಬುದನ್ನು ನೋಡಬೇಕು. ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದ್ದರೂ, ಫಿಲ್ಟರ್ ಕಟ್ಟಿದ್ದರೂ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸವೆದಿದ್ದರೂ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದ್ದರೂ ಲಕ್ಷಣಗಳು ಹೆಚ್ಚು ಕಡಿಮೆ ಒಂದೇ. ಕಾರ್ಬುರೇಟರಿನಲ್ಲಿ ದುರಸ್ತಿಗೆ ಬಗ್ಗದ ಸವೆತವೆಂದರೆ ಮುಖ್ಯವಾಗಿ ಥ್ರಾಟಲ್ ಸ್ಪಿಂಡಲ್ ಮತ್ತು ಅದರ ರಂಧ್ರದ ಸವೆತ. ಅಲ್ಲಿ ಗಾಳಿ ನುಸುಳತೊಡಗಿದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ನಿಲ್ಲದು. ಆಗ ಹೊಸ ಬುಷ್ ಹಾಕಬೇಕು, ಇಲ್ಲವೇ ಕಾರ್ಬುರೇಟರನ್ನೇ ಬದಲಾಯಿಸಬೇಕು. ಉಳಿದಂತೆ ಫ್ಲೋಟಿನ ಸೂಜಿ ಕವಾಟ, ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಅಥವಾ ವಾಷರ್, ಗ್ಯಾಸ್ಕೆಟ್, ಜೆಟ್ ಇವು ಸಣ್ಣ ಬೆಲೆಯ ಕಿಟ್ಟಿನಲ್ಲಿ ದೊರೆಯುವ ವಸ್ತುಗಳು. ಕಿಟ್ ಮಾರುವುದಕ್ಕಿಂತ ಇಡೀ ಕಾರ್ಬುರೇಟರ್ ಮಾರುವುದರಲ್ಲಿ ಲಾಭ ಹೆಚ್ಚು ಎಂಬುದು ವರ್ತಕರಿಗೆ ಗೊತ್ತಿರುವ ವಿಷಯ. ಆ ಲಾಭ ಒಂದು ಬಾರಿಯದು ಎಂಬುದೂ ಗೊತ್ತಿರಬೇಕಾದ ವಿಷಯವೇ.

ಎರಡನೆಯ ತೊಂದರೆ ಹೊಂದಾಣಿಕೆಯದು. ಫ್ಲೇಂಜಿನ ಎರಡು ಬೋಲ್ಟುಗಳ ಅಂತರ ಸರಿಹೋದರೆ ಕಾರ್ಬುರೇಟರ್ ಸರಿಹೋಯಿತೆಂದು ತಿಳಿಯುವವರು ಬಹಳ. ಹರಿಕೇನ್ ಎಂಜಿನ್ನಿನ ಜೀಪು 2.2 ಲೀಟರಿನದು; ಮೊದಲ ಜಿಪ್ಸಿ ಒಂದು ಲೀಟರಿಗಿಂತಲೂ ತುಸು ಕಡಿಮೆ, 970 ಸಿಸಿ. ಇವುಗಳಿಗೆ ಬೇಕಾದ ವೆಂಚುರಿಯ ಅಳತೆಯಾಗಲಿ ಜೆಟ್ಟಿನ ಅಳತೆಯಾಗಲಿ ಒಂದೇ ಆಗಿರಲಾರದು. ಪೇಟೆಗೆ ಬರುವ ಅಗ್ಗದ ಪೆಟ್ಟಿಗೆಗಳ ಮೇಲೆ ವಾಹನದ ಹೆಸರು ದೊಡ್ಡದಾಗಿರುತ್ತದೆ, ಜೆಟ್ಟಿನ ಸಂಖ್ಯೆ ಎಲ್ಲಿಯೂ ಇರುವುದಿಲ್ಲ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷವನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ವಿಧಿಸುತ್ತವೆ. ಅವಿಲ್ಲದ ಪೆಟ್ಟಿಗೆಯನ್ನು ದಾಸ್ತಾನು ಮಾಡುವುದೇ ವರ್ತಕನಿಗೆ ಅಪಾಯ.

ಈ ಹಳೆಯ ಸಮಸ್ಯೆಗಳ ಮೇಲೆ ಇತ್ತೀಚೆಗೆ ಒಂದು ಹೊಸ ಸಂಗತಿ ಬಂದು ಕೂತಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿಯೇ ಶೇ. 20ರ ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶ ಆ ಗುರಿಯನ್ನು ಮುಟ್ಟಿತು. ಬೆಳಗಾವಿ, ಬಾಗಲಕೋಟೆ ಭಾಗದ ಸಕ್ಕರೆ ಉದ್ದಿಮೆಗೆ ಇದರಿಂದ ಆದ ಅನುಕೂಲವನ್ನು ಕಡೆಗಣಿಸುವಂತಿಲ್ಲ, ಎಥೆನಾಲನ್ನು ವಿರೋಧಿಸುವ ಕಾರಣವೂ ಇಲ್ಲ. ಆದರೆ ಕಾರ್ಬುರೇಟರಿಗೆ ಸಂವೇದಕವೂ ಇಲ್ಲ, ಗಣಕವೂ ಇಲ್ಲ; ತನ್ನೊಳಗೆ ಹರಿಯುತ್ತಿರುವುದು ಯಾವ ಇಂಧನವೆಂದು ಅದಕ್ಕೆ ತಿಳಿಯುವುದಿಲ್ಲ. ಒಂದು ತೂಕ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು, ಶೇ. 20ರ ಮಿಶ್ರಣಕ್ಕೆ ಹದಿಮೂರೂವರೆಯ ಆಸುಪಾಸು ಸಾಕು. ಅಂದರೆ ಹಳೆಯ ಜೆಟ್ಟಿನಿಂದ ಬರುವ ಇಂಧನವು ಅಗತ್ಯಕ್ಕಿಂತ ಶೇ. 8ರಷ್ಟು ಕಡಿಮೆ ಬೀಳುತ್ತದೆ. ಮಿಶ್ರಣ ತೆಳುವಾಗಿ, ಚಳಿಯಲ್ಲಿ ಸ್ಟಾರ್ಟ್ ಆಗಲು ತೊಡಕು, ಆಕ್ಸಿಲರೇಟರ್ ಒತ್ತಿದಾಗ ತಡವರಿಕೆ, ಭಾರ ಹೊತ್ತ ಏರಿನಲ್ಲಿ ಎಂಜಿನ್ ಹೆಚ್ಚು ಬಿಸಿಯಾಗುವುದು ಇವು ಕಾಣಿಸಿಕೊಳ್ಳುತ್ತವೆ. ಇವೇ ಲಕ್ಷಣಗಳನ್ನು ಕಂಡು ಮೆಕ್ಯಾನಿಕ್ “ಕಾರ್ಬುರೇಟರ್ ಹೋಗಿದೆ” ಎನ್ನುತ್ತಾನೆ. ಹಳೆಯ ಅಳತೆಯದೇ ಜೆಟ್ ಇರುವ ಹೊಸ ಕಾರ್ಬುರೇಟರ್ ಬರುತ್ತದೆ. ದೋಷ ಇದ್ದಲ್ಲಿಯೇ ಇರುತ್ತದೆ. ಇದ್ದ ಜೆಟ್ಟಿನ ರಂಧ್ರದ ವ್ಯಾಸವನ್ನು ಶೇ. 4ರಷ್ಟು ಹೆಚ್ಚಿಸಿದರೆ ಹರಿವು ಶೇ. 8ರಷ್ಟು ಹೆಚ್ಚುತ್ತದೆ. 125ರ ಜೆಟ್ ಇದ್ದಲ್ಲಿ 130ರದು. ಸಾವಿರ ಮೀಟರಿಗೂ ಎತ್ತರದ ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಗಾಳಿಯೇ ತೆಳುವಾಗಿರುವುದರಿಂದ ಈ ಕೊರತೆಯ ಒಂದು ಪಾಲು ತಾನಾಗಿ ಸರಿದೂಗುತ್ತದೆ. ಅದೇ ಗಾಡಿ ಸರಕು ಹೇರಿಕೊಂಡು ಮಂಗಳೂರಿಗೆ ಇಳಿದರೆ ದೂಗುವುದಿಲ್ಲ. ಇಷ್ಟನ್ನು ತಿಳಿದು ಗಿರಾಕಿಗೆ ಸರಿಯಾದ ಜೆಟ್ ಕೊಡಬಲ್ಲ ವರ್ತಕ ಕಾರ್ಬುರೇಟರ್ ಮಾರುವವನಿಗಿಂತ ಹೆಚ್ಚು ಕಾಲ ಅಂಗಡಿ ನಡೆಸುತ್ತಾನೆ.

ಎಥೆನಾಲ್ ರಬ್ಬರನ್ನು ಹಿಗ್ಗಿಸುತ್ತದೆ, ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮಿತಿಮೀರಿದರೆ ಎಥೆನಾಲು ನೀರಿನೊಡನೆ ಸೇರಿ ತಳಕ್ಕಿಳಿಯುತ್ತದೆ. ಸತುವಿನ ಮಿಶ್ರಲೋಹದ ಕಾರ್ಬುರೇಟರಿನೊಳಗೆ ಬಿಳಿಯ ಪುಡಿ ಕಟ್ಟುತ್ತದೆ. ಟ್ಯಾಂಕಿನ ಹಳೆಯ ಜಿಗಟು ಸಡಿಲಗೊಂಡು ಜೆಟ್ಟಿಗೆ ಬಂದು ಕೂರುವುದೂ ಉಂಟು. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಮುಂಚಿತವಾಗಿ ಬದಲಾಯಿಸಬೇಕಾಗಬಹುದು, ಅದು ಅಲ್ಪ ವೆಚ್ಚದ್ದು, ನಿಯತ ಸರ್ವೀಸಿನಲ್ಲಿಯೇ ಆಗುವಂಥದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟಿನಲ್ಲಿ ತಿಳಿಸಿತು. ಮಾತು ತಪ್ಪಲ್ಲ. ಆದರೆ ನಿಯತ ಸರ್ವೀಸ್ ಎಂಬುದು ಕಂಪನಿಯ ಷೋರೂಮಿಗೆ ಹೋಗುವ ವಾಹನಗಳ ಭಾಗ್ಯ. ನಲವತ್ತು ವರ್ಷದ ಜೀಪಿಗೆ ಇರುವ ಸರ್ವೀಸ್ ಕೇಂದ್ರ ಮರದಡಿಯ ಶೆಡ್ಡು. ಅದಕ್ಕೆ ಸಾಮಗ್ರಿ ಒದಗಿಸುವುದು ಜೆ.ಸಿ. ರಸ್ತೆ. ಎಥೆನಾಲ್ ತಡೆಯಬಲ್ಲ, ವೈಟಾನ್ ಎಂಬ ಹೆಸರಿನಲ್ಲಿ ಪರಿಚಿತವಾದ ಫ್ಲೋರೋಎಲಾಸ್ಟೋಮರ್ ತುದಿಯ ಸೂಜಿ, ತಕ್ಕ ಗುಣಮಟ್ಟದ ಇಂಧನ ಕೊಳವೆ, ಸರಿಯಾದ ಜೆಟ್ ಇವನ್ನು ಒಟ್ಟುಗೂಡಿಸಿದ ಕಿಟ್ಟುಗಳು ಪ್ರತಿ ತಾಲ್ಲೂಕಿನ ಅಂಗಡಿಯಲ್ಲಿಯೂ ದೊರೆಯುವಂತಾಗಬೇಕು. ರಾಜ್ಯದ ಸಣ್ಣ ಕೈಗಾರಿಕೆಗಳಿಗೆ ಇದು ಅಸಾಧ್ಯವಾದ ತಯಾರಿಕೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಸರಕು ಸೇವಾ ತೆರಿಗೆ ಏಕರೂಪವಾಗಿ ಶೇ. 18ಕ್ಕೆ ಬಂದಿರುವುದರಿಂದ ಬಿಲ್ಲಿಲ್ಲದೆ ಮಾರುವ ಪ್ರಲೋಭನೆಯೂ ಶೇ. 28ರ ಕಾಲದಷ್ಟು ಇರಬೇಕಾಗಿಲ್ಲ.

ಇನ್ನು ಸ್ಟೀರಿಯೋ. ಇದನ್ನು ಹುಡುಗಾಟದ ವಸ್ತುವೆಂದು ತಳ್ಳಿಹಾಕುವವರಿದ್ದಾರೆ. ದಿನದ ಆರು ಗಂಟೆ ಸ್ಟೇರಿಂಗ್ ಹಿಡಿಯುವ ಚಾಲಕನಿಗೆ ಒಂದಿಷ್ಟು ಹಾಡು ಬೇಕೆನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದನ್ನು ಕೂರಿಸುವ ಕ್ರಮದಲ್ಲಿ. ಬಹಳ ಹಳೆಯ ಗಾಡಿಗಳಲ್ಲಿ ಕೆಲವು 6 ವೋಲ್ಟಿನವು, ಕೆಲವಕ್ಕೆ ಬ್ಯಾಟರಿಯ ಧನ ತುದಿಯೇ ಬಾಡಿಗೆ ಅರ್ತ್ ಆಗಿರುತ್ತದೆ; ಇಂದಿನ ಸೆಟ್ಟನ್ನು ನೋಡದೆ ಜೋಡಿಸಿದರೆ ಕ್ಷಣದಲ್ಲಿ ಸುಡುತ್ತದೆ. ಹಳೆಯ ಡೈನಮೋಗಳು ಸಾಮಾನ್ಯವಾಗಿ 20ರಿಂದ 35 ಆಂಪಿಯರ್ ಕೊಡುವಂಥವು, ಅದೂ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ. ಹೆಡ್‌ಲೈಟ್, ವೈಪರ್, ಇಗ್ನಿಷನ್ ಇವು ತಮ್ಮ ಪಾಲನ್ನು ಪಡೆದ ಮೇಲೆ ರಾತ್ರಿಯ ಮಳೆಯಲ್ಲಿ ಉಳಿಯುವುದು ಅಲ್ಪ. ಅದರ ಮೇಲೆ ದೊಡ್ಡ ಆಂಪ್ಲಿಫೈಯರ್ ಕೂರಿಸಿದರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಸೆಟ್ಟಿನ ಹಳದಿ ತಂತಿ ಗಡಿಯಾರ ಮತ್ತು ನೆನಪಿಗಾಗಿ ಸದಾ ಬ್ಯಾಟರಿಗೆ ಸೇರಿರಬೇಕಾದದ್ದು, ಕೆಂಪು ತಂತಿ ಕೀಲಿಯ ಮೂಲಕ ಬರಬೇಕಾದದ್ದು. ಅವಸರಕ್ಕೆ ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕಟ್ಟುವ ರೂಢಿ ಇದೆ. ಇಪ್ಪತ್ತು ಮಿಲಿಆಂಪಿಯರ್ ಸೋರಿದರೂ ಎರಡು ತಿಂಗಳು ನಿಂತ ಗಾಡಿಯ 50 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತದೆ. ಆಮೇಲೆ ಬೈಗುಳ ತಿನ್ನುವವನು ಬ್ಯಾಟರಿ ಮಾರಿದ ವರ್ತಕ.

ಪೆಟ್ಟಿಗೆಯ ಮೇಲಿನ ವ್ಯಾಟುಗಳ ಕತೆ ಬೇರೆಯೇ. 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಯುವ ಸೆಟ್ಟು 4 ಓಮಿನ ಸ್ಪೀಕರಿಗೆ ಕೊಡಬಲ್ಲ ನಿಜವಾದ ನಿರಂತರ ಶಕ್ತಿ ಸುಮಾರು 20 ವ್ಯಾಟ್. ಪೆಟ್ಟಿಗೆ 50 ಎನ್ನುತ್ತದೆ. ಕೆಲವು ಪೆಟ್ಟಿಗೆಗಳು ಸಾವಿರಕ್ಕೂ ಅಳುಕುವುದಿಲ್ಲ. ಎಸ್.ಪಿ. ರಸ್ತೆಯ ಅನುಭವಸ್ಥ ವರ್ತಕರು ಇದನ್ನು ನಗುತ್ತಲೇ ಒಪ್ಪುತ್ತಾರೆ. ಗಿರಾಕಿಗೆ ಹೇಳುವುದು ಮಾತ್ರ ಅಪರೂಪ.

ಇವೆರಡು ಕೆಲಸಗಳನ್ನು ಒಂದೇ ಲೇಖನದಲ್ಲಿ ಸೇರಿಸಿರುವುದಕ್ಕೆ ಕಾರಣವಿದೆ. ಹೊಸ ಕಾರ್ಬುರೇಟರಿನ ಸೂಜಿ ಸರಿಯಾಗಿ ಕೂರದೆ, ಇಲ್ಲವೇ ಹಳೆಯ ರಬ್ಬರ್ ಕೊಳವೆಗೆ ತಂತಿ ಸುತ್ತಿ ಬಿಗಿದು, ಪೆಟ್ರೋಲು ಮ್ಯಾನಿಫೋಲ್ಡಿನ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಅದೇ ಬಾನೆಟ್ಟಿನೊಳಗೆ, ಫ್ಯೂಸ್ ಇಲ್ಲದ ಸ್ಟೀರಿಯೋ ತಂತಿ ತಗಡಿನ ಅಂಚಿಗೆ ಉಜ್ಜುತ್ತ ಹಾದುಹೋಗಿರುತ್ತದೆ. ಒಬ್ಬನ ಕೆಲಸವನ್ನು ಮತ್ತೊಬ್ಬ ನೋಡಿರುವುದಿಲ್ಲ. ವಾಹನ ಹೊತ್ತಿ ಉರಿದರೆ ಕಾರಣ ಯಾವುದೆಂದು ಹೇಳಲು ಉಳಿಯುವುದು ಬೂದಿ ಮಾತ್ರ. ತಂತಿಯುದ್ದಕ್ಕೂ ತಕ್ಕ ದಪ್ಪ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್, ತಗಡು ದಾಟುವಲ್ಲಿ ಒಂದು ರಬ್ಬರ್ ಗ್ರಾಮೆಟ್: ಇವುಗಳ ಬೆಲೆ ಒಂದು ಊಟದಷ್ಟೂ ಆಗದು. ಸೆಟ್ಟಿನ ಜೊತೆಗೆ ಇವನ್ನೂ ಕಟ್ಟಿ ಕೊಡದೆ ಮಾರುವುದನ್ನು ವರ್ತಕರ ಸಂಘಗಳೇ ನಿಷೇಧಿಸಿಕೊಳ್ಳುವುದು ಒಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವಿನ ಹೊಣೆಯನ್ನು ತಯಾರಕನ ಮೇಲಷ್ಟೇ ಅಲ್ಲ, ಸಂದರ್ಭಾನುಸಾರ ಮಾರಾಟಗಾರ ಮತ್ತು ಸೇವೆ ಒದಗಿಸುವವನ ಮೇಲೂ ಹೊರಿಸುತ್ತದೆ. ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದೇ ಪರಿಗಣಿಸುತ್ತದೆ.

ಇಷ್ಟು ಹಳೆಯ ಗಾಡಿಗಳನ್ನು ಉಳಿಸಿಕೊಳ್ಳುವುದೇ ತಪ್ಪು, ಅವು ಗುಜರಿಗೆ ಹೋಗಲಿ ಎಂಬ ವಾದವೂ ಇದೆ. 2021ರ ಗುಜರಿ ನೀತಿಯ ಆಶಯ ಅದೇ. ಹೊಗೆಯ ವಿಷಯದಲ್ಲಿ ಕಾರ್ಬುರೇಟರ್ ಗಾಡಿ ಹೊಸದರ ಹತ್ತಿರಕ್ಕೂ ಬರಲಾರದೆಂಬುದು ಸತ್ಯ. ನಗರದ ದಟ್ಟಣೆಯಲ್ಲಿ ದಿನವಿಡೀ ಓಡುವ ವಾಹನಕ್ಕೆ ಈ ವಾದ ಒಪ್ಪತಕ್ಕದ್ದು. ಆದರೆ ತೋಟದಿಂದ ಪಲ್ಪಿಂಗ್ ಘಟಕಕ್ಕೆ, ಅಲ್ಲಿಂದ ಕಣಕ್ಕೆ ಓಡುವ ಗಾಡಿಯ ಲೆಕ್ಕ ಬೇರೆ. ಅದರ ಬದಲಿಗೆ ಸಣ್ಣ ಬೆಳೆಗಾರ ಕೊಳ್ಳಬೇಕಾದ ಹೊಸ ಪಿಕಪ್ಪಿಗೆ ಹಲವು ಲಕ್ಷ ಬೇಕು. ಇಂಥ ಹಳೆಯ ಪೆಟ್ರೋಲ್ ಗಾಡಿಗಳಿಗೆ ಐಡ್ಲಿಂಗಿನಲ್ಲಿ ಇಂಗಾಲದ ಮೊನಾಕ್ಸೈಡ್ ಶೇ. 3ನ್ನು ಮೀರಬಾರದೆಂಬ ಮಿತಿ ಇದೆ. ಸರಿಯಾಗಿ ಹೊಂದಿಸಿದ ಕಾರ್ಬುರೇಟರ್ ಅದನ್ನು ಸುಲಭವಾಗಿ ಪಾಲಿಸುತ್ತದೆ, ಅಂದಾಜಿನಿಂದ ತಿರುಗಿಸಿದ್ದು ಪಾಲಿಸುವುದಿಲ್ಲ. ಗಾಡಿ ನೋಂದಣಿ ನವೀಕರಿಸಿ ರಸ್ತೆಯಲ್ಲಿರುವವರೆಗೆ ಅದು ಸರಿಯಾಗಿ ಉರಿಯಲಿ ಎನ್ನುವುದು ಪರಿಸರದ ಪಕ್ಷವೇ ಹೊರತು ವಿರೋಧವಲ್ಲ.

ಕೊರತೆ ಇರುವುದು ಕೈಗಳಲ್ಲಿ. ಪಾಯಿಂಟ್ ಹೊಂದಿಸಬಲ್ಲ, ಫ್ಲೋಟಿನ ಮಟ್ಟ ಅಳೆಯಬಲ್ಲ ಹಿರಿಯ ಮೆಕ್ಯಾನಿಕರು ನಿವೃತ್ತರಾಗುತ್ತಿದ್ದಾರೆ. ಕಿರಿಯರು ಸ್ಕ್ಯಾನರ್ ಬಲ್ಲವರು, ಜೆಟ್ ಕಾಣದವರು. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಸ್ಥಳೀಯ ಐ.ಟಿ.ಐ.ಗಳೊಡನೆ ಕೂಡಿ, ವಾಹನ ಹೊಗೆ ತಪಾಸಣಾ ಯಂತ್ರವೊಂದನ್ನು ಮುಂದಿಟ್ಟುಕೊಂಡು, ಎರಡು ದಿನದ ಶಿಬಿರ ನಡೆಸಿದರೆ ಆಗುವ ಖರ್ಚು ಹೆಚ್ಚಲ್ಲ. ಕಲಿಸಲು ಹಿರಿಯರು ಇನ್ನೂ ಇದ್ದಾರೆ. ಜೆಟ್ಟಿನ ಅಳತೆ, ಫ್ಯೂಸಿನ ಅಳತೆ, ತಂತಿಗಳ ಬಣ್ಣ ಇವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಪ್ರತಿ ಪೆಟ್ಟಿಗೆಯೊಡನೆ ಕೊಡುವ ಹೊಣೆಯನ್ನು ಬಿಡಿಭಾಗ ವರ್ತಕರು ಹೊರಬಹುದು. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಲ್ಲಿ ಆರಂಭವಾಗುತ್ತದೆ. ಮಳೆಗಾಲದಲ್ಲಿ ನಿಂತ ಗಾಡಿಗಳು ಶೆಡ್ಡಿಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮೊದಲ ಶಿಬಿರವನ್ನು ಆಗಸ್ಟಿನೊಳಗೆ ಮಡಿಕೇರಿಯಲ್ಲಿಯೋ ಸಕಲೇಶಪುರದಲ್ಲಿಯೋ ಏರ್ಪಡಿಸುವುದು ಸೂಕ್ತ.